ಎಲ್ಲ ಡಾಕ್ಟರೂ ಕೂತು ಮಾತಾಡಲಿ

ಮನೆಯಲ್ಲಿ ಮದುವೆ. ಚಪ್ಪರದವರು ಬೇಕು. ಅಡುಗೆಯವರು ಬೇಕು. ಓಲಗದವರೂ ಬೇಕು. ನಾವು ಎಲ್ಲರ ಜೊತೆ ಮೊದಲೇ ಮಾತಾಡುತ್ತೇವೆ. ಯಾವ ಕೆಲಸ ಮೊದಲು, ಯಾವುದು ಆಮೇಲೆ ಅಂತ ಗೊತ್ತು ಮಾಡುತ್ತೇವೆ. ಕ್ಯಾನ್ಸರ್ ಚಿಕಿತ್ಸೆಗೂ ಇಂಥ ಮಾತುಕತೆ ಬೇಕು.

ಒಬ್ಬ ಅಕ್ಕನಿಗೆ ಎದೆಯಲ್ಲಿ ಗಂಟು ಕಾಣಿಸಿತು ಅಂತ ಇಟ್ಟುಕೊಳ್ಳೋಣ. ಗಂಟಿಗೆ ನೋವಿಲ್ಲ. ನೋವಿಲ್ಲ ಅಂತ ಸುಮ್ಮನಿರಬಾರದು. ಎದೆಯ ಗಂಟೆಲ್ಲ ಕ್ಯಾನ್ಸರ್ ಅಲ್ಲ. ಆದರೆ ಪರೀಕ್ಷೆ ಮಾಡಿಸದೆ ಗೊತ್ತಾಗದು.

“ಚಿಕ್ಕ ಗಂಟು. ಇವತ್ತೇ ಕುಯ್ದು ತೆಗೆಸೋಣ” ಅಂತ ಮನೆಯವರು ಅವಸರ ಮಾಡುತ್ತಾರೆ. ತಾಳಿ. ಮೊದಲು ಸೂಜಿಯಿಂದ ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಬೇಕು. ಇದಕ್ಕೆ ಬಯಾಪ್ಸಿ ಅಂತಾರೆ. ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತೆ ಅನ್ನೋ ಮಾತು ನಂಬಬೇಡಿ. ಪರೀಕ್ಷೆ ಇಲ್ಲದೆ ಕುಯ್ದರೆ ಕೆಲವೊಮ್ಮೆ ಎರಡನೇ ಸಲ ಆಪರೇಷನ್ ಬೇಕಾಗುತ್ತದೆ.

ಕ್ಯಾನ್ಸರ್‌ಗೆ ಚಿಕಿತ್ಸೆ ಒಂದೇ ಅಲ್ಲ. ಆಪರೇಷನ್ ಇದೆ. ಕೀಮೋ ಔಷಧಿ ಇದೆ. ರೇಡಿಯೇಷನ್ ಇದೆ. ರೇಡಿಯೇಷನ್‌ಗೆ ಜನ ‘ಕರೆಂಟು ಕೊಡೋದು’ ಅಂತಾರೆ. ಅದು ಮನೆಯ ಕರೆಂಟಲ್ಲ, ಕಿರಣ. ಒಂದೊಂದು ಚಿಕಿತ್ಸೆಗೂ ಬೇರೆ ಬೇರೆ ಡಾಕ್ಟರು. ಅವರೆಲ್ಲ ಕೂತು ಮಾತಾಡುವ ಸಭೆಗೆ ಟ್ಯೂಮರ್ ಬೋರ್ಡ್ ಅಂತ ಹೆಸರು.

ಅಲ್ಲಿ ಏನು ನಡೆಯುತ್ತದೆ? ಚೂರು ಪರೀಕ್ಷೆ ಮಾಡಿದವರು ಕ್ಯಾನ್ಸರ್ ಯಾವ ಬಗೆ ಅಂತ ಹೇಳುತ್ತಾರೆ. ಸ್ಕ್ಯಾನ್ ನೋಡಿದವರು ಎಲ್ಲಿವರೆಗೆ ಹಬ್ಬಿದೆ ಅಂತ ಹೇಳುತ್ತಾರೆ.

ಆಪರೇಷನ್ ಡಾಕ್ಟರು, “ಗಂಟು ದೊಡ್ಡದು. ಈಗಲೇ ಕುಯ್ದರೆ ಇಡೀ ಸ್ತನ ತೆಗೆಯಬೇಕು” ಅನ್ನಬಹುದು.

ಔಷಧಿ ಡಾಕ್ಟರು, “ಮೊದಲು ಕೀಮೋ ಕೊಡೋಣ. ಗಂಟು ಕುಗ್ಗಿದರೆ ಸ್ತನ ಉಳಿಯಬಹುದು” ಅನ್ನಬಹುದು.

ಕಿರಣದ ಡಾಕ್ಟರು, “ಸ್ತನ ಉಳಿಸಿದರೆ ಆಮೇಲೆ ರೇಡಿಯೇಷನ್ ಬೇಕು” ಅನ್ನಬಹುದು.

ನರ್ಸು, “ಇವರ ಊರು ದೂರ. ಚಿಕ್ಕ ಮಕ್ಕಳಿದ್ದಾರೆ. ವಾರಗಟ್ಟಲೆ ಬಂದು ಹೋಗೋದು ಹೇಗೆ?” ಅಂತ ಕೇಳಬಹುದು.

ಎಲ್ಲರ ಮಾತೂ ಸೇರಿ ಒಂದು ದಾರಿ ಸಿಗುತ್ತದೆ. ಒಬ್ಬರೇ ಇದ್ದರೆ ಒಂದು ಮಾತು ಬಿಟ್ಟುಹೋಗಬಹುದು.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಶುರುವಾಯಿತು. ಆಪರೇಷನ್, ಕೀಮೋ, ರೇಡಿಯೇಷನ್ ಮೂರೂ ಅಲ್ಲಿ ಒಂದೇ ಕಡೆ ಸಿಗುತ್ತವೆ. 2012ರಲ್ಲಿ ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಕೂಟವೊಂದು ಹುಟ್ಟಿತು. ಅದರ ಹೆಸರು ನ್ಯಾಷನಲ್ ಕ್ಯಾನ್ಸರ್ ಗ್ರಿಡ್. ಇದರಿಂದ ಬೇರೆ ಬೇರೆ ಊರಿನ ಡಾಕ್ಟರು ಕಂಪ್ಯೂಟರ್ ಮುಂದೆ ಕೂತು ಒಟ್ಟಿಗೆ ಮಾತಾಡಬಹುದು.

ಸಾಮಾನ್ಯವಾಗಿ ಈ ಸಭೆಯಲ್ಲಿ ರೋಗಿ ಕೂರುವುದಿಲ್ಲ. ನಮ್ಮ ಪರವಾಗಿ ನಮ್ಮ ಕಾಗದಗಳೇ ಮಾತಾಡುತ್ತವೆ. ಆದ್ದರಿಂದ ಎಲ್ಲ ಚೀಟಿ, ಸ್ಕ್ಯಾನ್, ಬಯಾಪ್ಸಿ ವರದಿ ಒಂದು ಚೀಲದಲ್ಲಿ ಜೋಪಾನವಾಗಿಡಿ. ನಿಮಗೀಗ ಓದು ಬರುತ್ತದೆ. ಕಾಗದದಲ್ಲಿ ನಿಮ್ಮ ಹೆಸರು, ವಯಸ್ಸು ಸರಿ ಇದೆಯಾ? ಎಡವೋ ಬಲವೋ? ನೋಡಿ. ಇಂಗ್ಲಿಷಿನಲ್ಲಿದ್ದರೆ ಓದಿಸಿ ಕೇಳಿ.

ಸಭೆಗಾಗಿ ಕೆಲವು ದಿನ ಕಾದರೆ ತೊಂದರೆಯಿಲ್ಲ. ಹೆದರಿ ತಿಂಗಳುಗಟ್ಟಲೆ ಮನೆಯಲ್ಲಿ ಕೂತರೆ ಅಪಾಯ. ಸಭೆ ಆದ ಮೇಲೆ ಡಾಕ್ಟರು ಹೇಳಿದ್ದು ಅರ್ಥವಾಗದಿದ್ದರೆ ಮತ್ತೆ ಕೇಳಿ. ಒಪ್ಪಿಗೆ ಕೊಡುವವರು ನೀವು. ತಿಳಿದುಕೊಂಡೇ ರುಜು ಹಾಕಿ.

ಓದಿ, ಗಟ್ಟಿಯಾಗಿ ಹೇಳಿ:
1. ನನಗೆ ಯಾವ ಬಗೆಯ ಕ್ಯಾನ್ಸರ್?
2. ನನ್ನ ವಿಷಯ ಎಲ್ಲ ಡಾಕ್ಟರೂ ಕೂತು ಮಾತಾಡಿದ್ದಾರಾ?
3. ಮೊದಲು ಯಾವ ಚಿಕಿತ್ಸೆ? ಯಾಕೆ?

ಈ ಮೂರು ಪ್ರಶ್ನೆಗಳನ್ನು ನಿಮ್ಮ ಪುಸ್ತಕದಲ್ಲಿ ಬರೆಯಿರಿ. ಬೇಕಾದವರಿಗೆ ಓದಿ ಹೇಳಿ.