ಮುಳ್ಳು ಏನು ಹೇಳುತ್ತದೆ?

ಗಡಿಯಾರದ ಮುಳ್ಳು ಹೊತ್ತು ಹೇಳುತ್ತದೆ. ತಕ್ಕಡಿಯ ಮುಳ್ಳು ತೂಕ ಹೇಳುತ್ತದೆ. ಕಾರಿನಲ್ಲಿಯೂ ಒಂದು ಮುಳ್ಳು ಇದೆ. ಅದು ಇಂಜಿನ್ನಿನ ಬಿಸಿ ಹೇಳುತ್ತದೆ.

ಅಂಬಾಸಿಡರ್ ಕಾರು 1957ರಿಂದ 2014ರವರೆಗೆ ತಯಾರಾಯಿತು. ಹಳೆಯ ಕೆಲವು ಕಾರುಗಳು ಇನ್ನೂ ಓಡುತ್ತವೆ. ಅಂಥ ಒಂದು ಕಾರು ಚಿಕ್ಕೇರೂರಿನಿಂದ ಹಾವೇರಿಗೆ ಹೊರಟಿದೆ ಎನ್ನಿ. ಕಾಕಾ ಮುಂದೆ ಕುಳಿತಿದ್ದಾರೆ.

"ತಮ್ಮಾ, ಈ ಮುಳ್ಳು ಯಾಕ ಸರಿಯಾಕತ್ತೈತಿ?"

"ಇಂಜಿನ್ ಕಾಯಾಕತ್ತೈತ್ರಿ ಕಾಕಾ. ಸಿ ಅಂದ್ರ ತಂಪು. ಎಚ್ ಅಂದ್ರ ಬಿಸಿ. ಮುಳ್ಳು ನಡುವ ಇರಬೇಕ್ರಿ."

ಇಂಜಿನ್ನಿನ ಬಿಸಿಯನ್ನು ನೀರು ಹೊತ್ತು ರೇಡಿಯೇಟರಿಗೆ ತರುತ್ತದೆ. ಅಲ್ಲಿ ಗಾಳಿಗೆ ತಣ್ಣಗಾಗಿ ಮತ್ತೆ ಇಂಜಿನ್ನಿಗೆ ಹೋಗುತ್ತದೆ. ಮುಳ್ಳು ತೋರಿಸುವುದು ಈ ನೀರಿನ ಬಿಸಿಯನ್ನು.

ಕೆಲವು ಮೀಟರುಗಳಲ್ಲಿ ಅಂಕಿಗಳಿವೆ. 80ರಿಂದ 90 ಡಿಗ್ರಿ ಸೆಲ್ಸಿಯಸ್ ಇದ್ದರೆ ಸಾಮಾನ್ಯವಾಗಿ ಚಿಂತೆ ಇಲ್ಲ. ಬಹಳ ಹಳೆಯ ಕೆಲವು ಕಾರುಗಳಲ್ಲಿ 212 ಎಂಬ ಅಂಕಿ ಕಾಣುತ್ತದೆ. ಅದು ಫ್ಯಾರನ್‌ಹೀಟ್ ಅಳತೆ. ಫ್ಯಾರನ್‌ಹೀಟಿನ 212 ಎಂದರೆ ಸೆಲ್ಸಿಯಸ್ಸಿನ 100. ಒಲೆಯ ಮೇಲೆ ನೀರು ಕುದಿಯುವ ಬಿಸಿ ಅದು. ಆದ್ದರಿಂದ ಅಂಕಿಯನ್ನಷ್ಟೇ ಓದಬೇಡಿರಿ. ಅಳತೆಯ ಹೆಸರನ್ನೂ ಓದಿರಿ.

ಮುಳ್ಳು ಎಚ್ ಹತ್ತಿರ ಬಂತು. ಡ್ರೈವರ್ ಕಾರನ್ನು ದಾರಿಯ ಬದಿಗೆ ನಿಲ್ಲಿಸಿ ಇಂಜಿನ್ ಬಂದ್ ಮಾಡಿದ.

"ಮುಚ್ಚಳ ತೆಗೆದು ನೀರು ಹಾಕೂಣೇನು?"

"ಬ್ಯಾಡ್ರಿ ಕಾಕಾ! ಮಾರಿ ಸುಟ್ಟೀತು!"

ಡ್ರೈವರ್ ಹೇಳಿದ್ದು ಸರಿ. ಮುಚ್ಚಳ ಬಿಗಿಯಾಗಿರುವಾಗ ಒಳಗೆ ಒತ್ತಡ ಇರುತ್ತದೆ. ಮುಚ್ಚಳ ತೆಗೆದ ಕೂಡಲೇ ಸುಡುನೀರು, ಉಗಿ ಮೇಲೆ ಚಿಮ್ಮುತ್ತವೆ. ಮುಖ, ಕೈ ಬೆಂದು ಹೋಗುತ್ತವೆ. ಇಂಜಿನ್ ಪೂರ್ತಿ ಆರುವವರೆಗೆ ಕಾಯಬೇಕು. ಆಮೇಲೆ ದಪ್ಪ ಬಟ್ಟೆ ಹಿಡಿದು ಮುಚ್ಚಳವನ್ನು ನಿಧಾನವಾಗಿ ತಿರುಗಿಸಬೇಕು. ಕಾದ ಇಂಜಿನ್ನಿಗೆ ತಣ್ಣೀರು ಹಾಕಬಾರದು. ಇಂಜಿನ್ ಸೀಳಬಹುದು.

ಇನ್ನೊಂದು ಮಾತು. ಮೇಲೆ ಹೋದ ಮುಳ್ಳು ಒಮ್ಮೆಲೇ ಸಿ ಕಡೆ ಬಿದ್ದರೆ ಇಂಜಿನ್ ತಂಪಾಯಿತು ಎಂದು ತಿಳಿಯಬೇಡಿರಿ. ನೀರು ಪೂರಾ ಸೋರಿ ಹೋದರೆ ಮುಳ್ಳು ಸರಿಯಾಗಿ ಹೇಳಲಾರದು. ವಾಯರ್ ಕಡಿದರೂ ಹಾಗೆಯೇ. ಆಗಲೂ ನಿಲ್ಲಿಸಿ ನೋಡಬೇಕು.

ಟ್ರ್ಯಾಕ್ಟರಿನ ಮೀಟರಿಗೂ ಇದೇ ಪಾಠ. ಕೆಲವು ಮೀಟರುಗಳಲ್ಲಿ ಬಣ್ಣವಿದೆ. ಮುಳ್ಳು ಹಸಿರಿನಲ್ಲಿದ್ದರೆ ನಡೆಸಿರಿ. ಕೆಂಪಿಗೆ ಬಂದರೆ ನಿಲ್ಲಿಸಿರಿ. ರೇಡಿಯೇಟರಿಗೆ ಹೊಟ್ಟು, ಕಸ ಅಂಟಿದರೂ ಇಂಜಿನ್ ಕಾಯುತ್ತದೆ. ದಿನಾ ಮುಂಜಾನೆ, ಇಂಜಿನ್ ತಣ್ಣಗಿರುವಾಗಲೇ, ನೀರು ನೋಡಿರಿ.

ಉತ್ತರ ಬರೆಯಿರಿ:
1. ಮುಳ್ಳು ಯಾವುದರ ಬಿಸಿಯನ್ನು ತೋರಿಸುತ್ತದೆ?
2. ಫ್ಯಾರನ್‌ಹೀಟಿನ 212 ಎಂದರೆ ಸೆಲ್ಸಿಯಸ್ಸಿನಲ್ಲಿ ಎಷ್ಟು?
3. ಕಾದ ರೇಡಿಯೇಟರಿನ ಮುಚ್ಚಳವನ್ನು ಏಕೆ ತೆಗೆಯಬಾರದು?