ಲಾಗ್‌ನಲ್ಲಿ ಆ ಐದೂವರೆ ಗಂಟೆ ಎಲ್ಲಿ ಹೋಯ್ತು?

ಒಂದು ರೌಟರ್‌ನ ಲಾಗ್‌ನಲ್ಲಿ ಹೀಗಿದೆ ಅಂದ್ಕೊಳ್ಳಿ: ‘ನವೆಂಬರ್ 14 02:40:10, ಲಿಂಕ್ ಡೌನ್’. ಅದೇ ನೆಟ್‌ವರ್ಕ್‌ನ ಸರ್ವರ್ ಲಾಗ್‌ನಲ್ಲಿ: ‘ನವೆಂಬರ್ 14 08:10:12, ಸೆನ್ಸರ್ ಸಿಗ್ತಿಲ್ಲ’. ನೋಡಿದ ತಕ್ಷಣ ಏನನ್ಸುತ್ತೆ? ಲಿಂಕ್ ರಾತ್ರಿನೇ ಹೋಗಿತ್ತು, ಸೆನ್ಸರ್ ಬೆಳಿಗ್ಗೆ ಬೇರೆ ಏನೋ ಕಾರಣಕ್ಕೆ ಕೈಕೊಟ್ಟಿದೆ ಅಂತ. ಆದರೆ ರೌಟರ್ ಯುಟಿಸಿಯಲ್ಲಿ, ಸರ್ವರ್ ನಮ್ಮ ಐಎಸ್‌ಟಿಯಲ್ಲಿ ಬರೀತಿದ್ರೆ ಎರಡರ ನಡುವೆ ಇರೋದು ಬರೀ 2 ಸೆಕೆಂಡ್. ಕಾರಣ ಪಕ್ಕದಲ್ಲೇ ಇದೆ, ನಮಗೆ ಕಾಣಲ್ಲ ಅಷ್ಟೆ.

ಇದಕ್ಕೆ ಹಳೇ ಸಿಸ್‌ಲಾಗ್ ಫಾರ್ಮ್ಯಾಟನ್ನೂ ಬೈಬೇಕು. 2001ರ ಆರ್‌ಎಫ್‌ಸಿ 3164ರಲ್ಲಿ ವಿವರಿಸಿದ ಸಾಲಿನಲ್ಲಿ ತಿಂಗಳು, ತಾರೀಖು, ಸಮಯ ಇರುತ್ತೆ. ಟೈಮ್ ಝೋನ್ ಇಲ್ಲ, ವರ್ಷವೂ ಇಲ್ಲ! 2009ರ ಆರ್‌ಎಫ್‌ಸಿ 5424 ಬಂದ ಮೇಲೆ ವರ್ಷ ಸೇರಿತು. ಕೊನೆಯಲ್ಲಿ +05:30 ಥರದ ಆಫ್‌ಸೆಟ್, ಇಲ್ಲಾಂದ್ರೆ ಯುಟಿಸಿ ಅಂತ ಹೇಳೋ ‘ಝಡ್’ ಅಕ್ಷರವೂ ಬಂತು. ಹಳೇದು ಮಾತ್ರ ಇನ್ನೂ ಹೋಗಿಲ್ಲ.

ನಮ್ಮ ಮಿನಿ ಪ್ರಾಜೆಕ್ಟ್‌ಗಳಲ್ಲಿ ತೊಂದರೆ ಬೇರೆ ಥರ. ಇಎಸ್‌ಪಿ8266 ಜೊತೆ ಬಳಸೋ ಎನ್‌ಟಿಪಿಕ್ಲೈಂಟ್ ಲೈಬ್ರರಿ ಇದೆಯಲ್ಲ, ಅದಕ್ಕೆ 19800 ಅಂತ ಆಫ್‌ಸೆಟ್ ಕೊಡ್ತೀವಿ (5.5 × 3600). ಡಿಸ್‌ಪ್ಲೇಯಲ್ಲಿ ಸರಿಯಾದ ಟೈಮ್ ಬರುತ್ತೆ, ಖುಷಿ. ಆದರೆ ಅದರ ಗೆಟ್‌ಎಪೋಕ್‌ಟೈಮ್ ಫಂಕ್ಷನ್ ಕೂಡ ಆ 19800 ಸೇರಿಸಿಯೇ ಸಂಖ್ಯೆ ಕೊಡುತ್ತೆ. ಎಪೋಕ್ ಅಂದ್ರೆ 1970ರ ಜನವರಿ 1ರಿಂದ ಯುಟಿಸಿ ಲೆಕ್ಕದಲ್ಲಿ ಕಳೆದ ಸೆಕೆಂಡುಗಳು. ಅದರಲ್ಲಿ ಟೈಮ್ ಝೋನ್ ಬೆರೆಯಲೇಬಾರದು. ಆ ಸಂಖ್ಯೆಯನ್ನ ಹಾಗೇ ಕಳಿಸಿದ್ರೆ, ಸರ್ವರ್ ಅದನ್ನ ಯುಟಿಸಿ ಅಂತ ನಂಬಿ ಐಎಸ್‌ಟಿಗೆ ಬದಲಿಸುವಾಗ ಇನ್ನೊಮ್ಮೆ ಐದೂವರೆ ಗಂಟೆ ಸೇರಿಸುತ್ತೆ. ಮಧ್ಯಾಹ್ನ 2ಕ್ಕೆ ತೆಗೆದ ರೀಡಿಂಗ್ ಗ್ರಾಫ್‌ನಲ್ಲಿ ಸಂಜೆ 7:30ಕ್ಕೆ ಹೋಗಿ ಕೂರುತ್ತೆ. ಸೆನ್ಸರ್ ಭವಿಷ್ಯ ಹೇಳ್ತಿದೆ ಅಂತ ವೈವಾದಲ್ಲಿ ವಾದಿಸೋಕಾಗಲ್ಲ.

ಹಾಗಾಗಿ ಡಿವೈಸ್‌ನಲ್ಲಿ ಆಫ್‌ಸೆಟ್ 0 ಇಡಿ. ಕಳಿಸೋದು, ಸ್ಟೋರ್ ಮಾಡೋದು ಎಲ್ಲಾ ಯುಟಿಸಿ. ಜನ ನೋಡೋ ಸ್ಕ್ರೀನ್‌ನಲ್ಲಿ ಮಾತ್ರ ಐಎಸ್‌ಟಿ.

‘ಎಲ್ಲಾ ಐಎಸ್‌ಟಿಯಲ್ಲೇ ಇಟ್ರೆ ಏನು?’ ಅಂತ ಕೇಳಬಹುದು. ನಮ್ಮಲ್ಲಿ ವರ್ಷಕ್ಕೆರಡು ಸಲ ಗಡಿಯಾರ ತಿರುಗಿಸೋ ಪದ್ಧತಿ ಇಲ್ಲ, +05:30 ಅಂತ ಬರೆದಿದ್ದರೆ ನಡೆಯುತ್ತೆ. ಆದರೆ ನ್ಯೂಯಾರ್ಕ್‌ನ ಲೋಕಲ್ ಟೈಮ್ ಬರೆಯೋ ಸರ್ವರ್ ಒಂದು ಸೇರಿಕೊಂಡ್ರೆ? ಅಲ್ಲಿ ನವೆಂಬರ್‌ನ ಮೊದಲ ಭಾನುವಾರ ರಾತ್ರಿ 1:30 ಎರಡು ಸಲ ಬರುತ್ತೆ. ಆಫ್‌ಸೆಟ್ ಇಲ್ಲದಿದ್ರೆ ಯಾವ 1:30 ಅಂತ ಹೇಳೋಕೇ ಆಗಲ್ಲ.

ಇನ್ನೊಂದು: ಲಾಗ್‌ನಲ್ಲಿ 1970 ಜನವರಿ 1, 05:30 ಅಂತ ಕಂಡ್ರೆ ಅದು ಸೊನ್ನೆ ಸೆಕೆಂಡಿನ ಐಎಸ್‌ಟಿ ರೂಪ. ಡಿವೈಸ್‌ಗೆ ಎನ್‌ಟಿಪಿಯಿಂದ ಇನ್ನೂ ಸಮಯ ಸಿಕ್ಕಿಲ್ಲ. ಸಿಗೋವರೆಗೆ, ಬೂಟ್ ಆಗಿ ಎಷ್ಟು ಸೆಕೆಂಡ್ ಆಯ್ತು ಅಂತ ಬರೆದಿಡಿ. ಸಮಯ ಸಿಕ್ಕ ಮೇಲೆ ಹಿಂದಕ್ಕೆ ಲೆಕ್ಕ ಹಾಕಬಹುದು.