ಕಪ್ಪೆಯ ಗಾತ್ರಕ್ಕೂ ಹವಾಮಾನಕ್ಕೂ ಇರುವ ನಂಟು

ದೇವನಕೊಂಡ, ಆದವಾನಿ ಕಡೆಯ ಹೊಲಗಳಲ್ಲಿ ಮೊದಲ ದೊಡ್ಡ ಮಳೆ ಬಿದ್ದ ರಾತ್ರಿ ಬಗೆಬಗೆಯ ಕಪ್ಪೆಗಳ ಕೂಗು ಕೇಳಿಬರುತ್ತದೆ. ಗೂಳಿಯಂತೆ ಗುಟುರು ಹಾಕುವ ಹಳದಿ ಕಪ್ಪೆ ಆರು ಅಂಗುಲದವರೆಗೂ ಬೆಳೆಯುತ್ತದೆ. ಅದರ ಪಕ್ಕದಲ್ಲೇ ಕಿರಗುಟ್ಟುವ ಇನ್ನೊಂದು ಜಾತಿ ಒಂದು ಅಂಗುಲದಷ್ಟು ಮಾತ್ರ. ಜಾತಿಗೆ ತಕ್ಕ ಗಾತ್ರ ಹುಟ್ಟಿನಿಂದ ಬಂದದ್ದು. ಆದರೆ ಒಂದೇ ಜಾತಿಯ ಕಪ್ಪೆಗಳೂ ಎಲ್ಲ ವರ್ಷ, ಎಲ್ಲ ಕಡೆ ಒಂದೇ ಸಮನಾಗಿ ಬೆಳೆಯುವುದಿಲ್ಲ. ಇದಕ್ಕೆ ಬಿಸಿಲು ಮತ್ತು ಮಳೆಯೂ ಕಾರಣ. ಬೆಳೆಯ ಹುಳುಗಳನ್ನು ತಿಂದು ಉಪಕಾರ ಮಾಡುವ ಈ ಜೀವಿಯ ವಿಷಯ ರೈತರಾದ ನಮಗೆ ತಿಳಿದಿರಬೇಕು.

ಚರ್ಮದಿಂದ ನೀರು ಕುಡಿಯುವ ಜೀವಿ

ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಅದೇ ಚರ್ಮದಿಂದ ನೀರು ಆವಿಯಾಗಿ ಹೋಗುತ್ತದೆ. ಒದ್ದೆಯಾದ ದೊಡ್ಡ ಹೆಂಟೆಯೊಂದನ್ನು ಬಿಸಿಲಿಗಿಟ್ಟರೆ ಸಂಜೆಗೂ ಅದರೊಳಗೆ ತಂಪಿರುತ್ತದೆ. ಅದನ್ನೇ ಪುಡಿಮಾಡಿ ಹರಡಿದರೆ ಮಧ್ಯಾಹ್ನಕ್ಕೇ ಒಣಗುತ್ತದೆ. ಕಪ್ಪೆಯ ಲೆಕ್ಕವೂ ಹೀಗೆಯೇ. ದೊಡ್ಡ ಮೈಯ ಕಪ್ಪೆ ನಿಧಾನವಾಗಿ ಒಣಗುತ್ತದೆ, ಚಿಕ್ಕದು ಬೇಗ ಒಣಗುತ್ತದೆ. ಮಳೆ ಹೆಚ್ಚಿ, ನೆಲ ಸದಾ ಹಸಿಯಾಗಿರುವ ಪಶ್ಚಿಮ ಘಟ್ಟದಲ್ಲಿ ಬಹು ಪುಟ್ಟ ಕಪ್ಪೆಗಳೂ ಬದುಕುತ್ತವೆ. ಕೇರಳ, ತಮಿಳುನಾಡಿನ ಘಟ್ಟಗಳಲ್ಲಿ ಕಂಡು 2017ರಲ್ಲಿ ವಿಜ್ಞಾನಿಗಳು ವಿವರಿಸಿದ ಕೆಲವು ಕಪ್ಪೆಗಳು ಅರ್ಧ ಅಂಗುಲದ ಆಸುಪಾಸು ಮಾತ್ರ. ನಮ್ಮ ಒಣಸೀಮೆಯಲ್ಲಾದರೋ ಚಿಕ್ಕ ಮೈಯವು ಬಿರುಕು, ಕಲ್ಲಿನ ಅಡಿ, ಮಣ್ಣಿನ ಆಳವನ್ನು ಆಶ್ರಯಿಸಲೇಬೇಕು. ಹಿಂಗಾಲಿನ ಗುದ್ದಲಿಯಂತಹ ಗಂಟಿನಿಂದ ಹಿಮ್ಮುಖವಾಗಿ ಮಣ್ಣು ಬಗೆದು ಒಳಹೊಗುವ ಕಪ್ಪೆಗಳೂ ಇವೆ.

ಚಳಿನಾಡಿನ ಪ್ರಾಣಿಗಳ ಮೈ ದೊಡ್ಡದು ಎಂಬ ನಿಯಮವನ್ನು 1847ರಲ್ಲಿ ಜರ್ಮನಿಯ ಬರ್ಗ್‌ಮನ್ ಎಂಬ ವಿದ್ವಾಂಸರು ಹೇಳಿದರು. ಅದು ಬಿಸಿರಕ್ತದ ಪ್ರಾಣಿಗಳ ಮಾತು. ಕಪ್ಪೆಯ ಮೈಬಿಸಿ ಸುತ್ತಣ ಗಾಳಿ, ನೀರಿನ ಬಿಸಿಯನ್ನೇ ಅನುಸರಿಸುವುದರಿಂದ ಈ ನಿಯಮ ಎಲ್ಲ ಕಪ್ಪೆಗಳಿಗೂ ಒಪ್ಪುವುದಿಲ್ಲ.

ಗೊದಮೊಟ್ಟೆಯ ಅವಸರ

ದಡ ಹತ್ತುವ ಮರಿಯ ಗಾತ್ರ ತೀರ್ಮಾನವಾಗುವುದು ನೀರಿನೊಳಗೆ. ನೀರು ಬಿಸಿಯಾದಷ್ಟೂ ಗೊದಮೊಟ್ಟೆಗೆ ಬೇಗ ಕಾಲು ಮೂಡುತ್ತದೆ. ಆದರೆ ಮೈ ಬೆಳೆಯಲು ಸಾಕಷ್ಟು ದಿನ ಸಿಕ್ಕುವುದಿಲ್ಲ. ಗುಂಡಿಯ ನೀರು ಇಳಿಯತೊಡಗಿದರೂ ಅನೇಕ ಜಾತಿಗಳಲ್ಲಿ ಹೀಗೆಯೇ ಅವಸರವಾಗಿ, ಮರಿ ಚಿಕ್ಕದಾಗಿಯೇ ದಡ ಹತ್ತುತ್ತದೆ. ಎಳೆಯದರಲ್ಲೇ ಕಡುಬಿಸಿಲಿಗೆ ಬಿದ್ದ ಪೈರು ಗಿಡ್ಡಾಗಿ ತೆನೆ ಬಿಟ್ಟಂತೆ ಇದು. ಇಂತಹ ಮರಿ ಬೇಗ ಒಣಗುತ್ತದೆ, ದೂರ ಜಿಗಿಯಲಾರದು, ಹಕ್ಕಿಹಾವುಗಳಿಗೆ ಸುಲಭದ ತುತ್ತು. ಹೆಣ್ಣು ಚಿಕ್ಕದಾದರೆ ಮುಂದೆ ಇಡುವ ಮೊಟ್ಟೆಯೂ ಕಡಿಮೆ.

ಇದು ನಮ್ಮಲ್ಲಿ ಮಾತ್ರ ನಡೆಯುವ ಸಂಗತಿಯಲ್ಲ. ಅಮೆರಿಕದ ಪೋರ್ಟೊರಿಕೋ ದ್ವೀಪದ ಬೆಟ್ಟದಲ್ಲಿ ಕೊಕಿ ಎಂಬ ಪುಟ್ಟ ಕಪ್ಪೆಗಳಿವೆ. ಬೆಟ್ಟದ ಬುಡದ ಸೆಕೆಯಲ್ಲಿ ಅವು ಚಿಕ್ಕವು, ಮೇಲಿನ ತಂಪಿನಲ್ಲಿ ದೊಡ್ಡವು. 23 ವರ್ಷಗಳ ಅಂತರದಲ್ಲಿ ಎರಡು ಬಾರಿ ಅವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಬಿಸಿ ಏರಿದಂತೆ ಅವುಗಳ ಮೈ ಕಿರಿದಾಗಿ ಕೂಗು ಕೀರಲಾಯಿತೆಂದು 2014ರಲ್ಲಿ ತಿಳಿಸಿದರು.

ನಾವು ಮಾಡಬಹುದಾದದ್ದು

ಬಿಸಿಲನ್ನು ತಗ್ಗಿಸುವುದು ನಮ್ಮ ಕೈಯಲ್ಲಿಲ್ಲ. ನೀರು ನಿಲ್ಲುವ ದಿನಗಳನ್ನು ಹೆಚ್ಚಿಸುವುದು ಕೈಯಲ್ಲಿದೆ.

1. ಹೊಲದ ತಗ್ಗಿನಲ್ಲಿ ಒಂದು ಗುಂಡಿಯನ್ನಾದರೂ ಮುಚ್ಚದೆ ಉಳಿಸಿರಿ. ಕೆಲವು ವಾರ ನೀರು ನಿಲ್ಲುವಷ್ಟು ಆಳವಿರಲಿ, ದಡದಲ್ಲಿ ನೆರಳಿರಲಿ.

2. ಪ್ಲಾಸ್ಟಿಕ್ ಹಾಸಿದ ಕೃಷಿಹೊಂಡದ ದಡ ಜಾರುತ್ತದೆ. ಮರಿಗಳು ಹತ್ತಿ ಬರಲು ಒಂದು ಮೂಲೆಯಲ್ಲಿ ಕಲ್ಲು ಜೋಡಿಸಿರಿ, ಇಲ್ಲವೇ ಗೋಣಿಚೀಲ ಇಳಿಬಿಡಿರಿ.

3. ಮೀನು ಗೊದಮೊಟ್ಟೆಯನ್ನು ತಿನ್ನುತ್ತದೆ. ಎಲ್ಲ ಹೊಂಡಗಳಿಗೂ ಮೀನು ಬಿಡಬೇಡಿರಿ.

4. ಹತ್ತಿಗೆ ಔಷಧ ಹೊಡೆದ ಪಂಪನ್ನು ಹೊಂಡದಲ್ಲಿ ತೊಳೆಯಬಾರದು. ನೀರು ಹೀರುವ ಚರ್ಮ ವಿಷವನ್ನೂ ಹೀರುತ್ತದೆ.

5. ಉಳುವಾಗ ಹೆಂಟೆಯೊಡನೆ ಎದ್ದುಬಂದ ಕಪ್ಪೆಯನ್ನು ಒಡ್ಡಿನ ಹಸಿಮಣ್ಣಿಗೆ ಬಿಟ್ಟುಬಿಡಿರಿ.

ಕಪ್ಪೆಯ ಕಾಲುಗಳನ್ನು ಹೊರದೇಶಕ್ಕೆ ಮಾರುವುದನ್ನು ಭಾರತ ಸರ್ಕಾರ 1987ರಲ್ಲಿ ನಿಲ್ಲಿಸಿತು. ಹಾಗೆ ಉಳಿದ ಕಪ್ಪೆಗೆ ನೀರಿನ ನೆಲೆ ಒದಗಿಸುವ ಕೆಲಸ ನಮ್ಮದು. ಮಳೆ ತಡವಾದಾಗ ಕಪ್ಪೆಗೆ ಮದುವೆ ಮಾಡುವ ಪದ್ಧತಿ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮಳೆ ಬಂದ ಮೇಲೆ ಅದರ ಮರಿಗಳಿಗೆ ಒಂದು ಗುಂಡಿ ನೀರು ಉಳಿಸಿದರೆ ಆ ಮದುವೆಗೂ ಅರ್ಥ, ನಮ್ಮ ಬೆಳೆಗೂ ಲಾಭ.